ನಮ್ಮ ಗೋಡೆಗೆ ಬೇಡ

ಬಸ್ ನಿಲ್ದಾಣದ ಎದುರು ಹಾಸಿಗೆ, ದಿಂಬು ಮಾರುತ್ತಿದ್ದವನು ಮೊದಲ ಸಲ ಪುರಸಭೆಗೆ ನಿಂತಾಗ, ಎದುರಾಳಿಗಳು 'ಹಾಸಿಗೆ ಇದ್ದಷ್ಟೇ ಕಾಲು ಚಾಚು ಅಂತ ಇವನಿಗೆ ಯಾರಾದ್ರೂ ಹೇಳ್ರಪ್ಪ' ಎಂದು ಗೇಲಿ ಮಾಡಿದ್ದರು. ಅವನು ಆ ಮಾತನ್ನೇ ಎತ್ತಿಕೊಂಡ. 'ಹಾಸಿಗೆ ನನ್ನ ಹತ್ರ ಬೇಕಾದಷ್ಟಿದೆ, ನೀವು ಕಾಲು ಚಾಚಿ' ಎಂದು ಮನೆಮನೆಗೆ ಹೇಳಿಕೊಂಡು ಬಂದ. ಜನ ನಕ್ಕರು, ನಕ್ಕವರು ಗೆಲ್ಲಿಸಿದರು. ಅಂದಿನಿಂದ ಊರಿನ ಬಾಯಲ್ಲಿ ಅವನು 'ಹಾಸಿಗೆ ಮೆಂಬರು'.

ಜನರನ್ನು ನಗಿಸುವುದು ಅವನಿಗೆ ಚಿಕ್ಕಂದಿನಿಂದಲೂ ನೀರು ಕುಡಿದಷ್ಟು ಸಲೀಸು. ಪುರಸಭೆಯಲ್ಲೂ ಅದೇ ಅವನ ಬಂಡವಾಳವಾಯಿತು. ಬೇರೆಯವರು ಅರ್ಧ ಗಂಟೆ ಕೂಗಾಡಿದರೂ ಆಗದ ಕೆಲಸ ಇವನ ಒಂದು ಮಾತಿಗೆ ಆಗಿಬಿಡುತ್ತಿತ್ತು. ಬಸ್ ನಿಲ್ದಾಣದ ಹಳೆಯ ಶೌಚಾಲಯ ಹೋದದ್ದೂ ಹಾಗೆಯೇ. ಅದು ನಿಲ್ದಾಣದ ಬಾಗಿಲಲ್ಲೇ ಇತ್ತು. ಬಾಗಿಲುಗಳ ಕೆಳಭಾಗ ಕೊಳೆತು ಉದುರಿತ್ತು, ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎದುರಿನ ಅಂಗಡಿಯವರೆಲ್ಲ ಮೂಗು ಹಿಡಿದುಕೊಂಡೇ ವ್ಯಾಪಾರ ಮಾಡುತ್ತಿದ್ದರು. ಅವನ ಹೊಸ ಹಾಸಿಗೆಗಳಿಗೂ ಆ ವಾಸನೆ ಹತ್ತುತ್ತಿತ್ತು. ರಿಪೇರಿ ಮಾಡಿಸೋಣ ಎಂದು ಯಾರೋ ಸಭೆಯಲ್ಲಿ ಹೇಳಿದಾಗ ಅವನು ಎದ್ದು ನಿಂತು, 'ನಮ್ಮೂರಿಗೆ ಬರೋರು ಯಾರ ಹತ್ರಾನೂ ದಾರಿ ಕೇಳಬೇಕಾಗಿಲ್ಲ ಸ್ವಾಮೀ, ಮೂಗೊಂದಿದ್ರೆ ಸಾಕು' ಎಂದ. ಅಧ್ಯಕ್ಷರು ಮೇಜು ಕುಟ್ಟಿ ನಕ್ಕರು. ಕೆಡವುವುದೆಂದು ತೀರ್ಮಾನವಾಯಿತು. ನಿಲ್ದಾಣದ ಹಿಂದೆ ಹೊಸದು ಕಟ್ಟುವುದೆಂದೂ ಆಯಿತು. ಕೆಡವುವ ಕೆಲಸ ಬೇಗ ಮುಗಿದು, ಆ ಜಾಗದಲ್ಲಿ ಸ್ಕೂಟರುಗಳು ಸಾಲಾಗಿ ನಿಂತವು. ಹೊಸದರ ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತ, ಎಲ್ಲೋ ಒಂದು ಕಡೆ ಸುಸ್ತಾಗಿ ಕೂತುಬಿಟ್ಟಿತು.

ಅವನಿಗೊಬ್ಬಳು ತಂಗಿ. ಬಸ್ ಕಂಡಕ್ಟರ್. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಬಂದು, ಅಣ್ಣನ ಮನೆಯ ಮಹಡಿಯಲ್ಲಿ ಅಮ್ಮನ ಜೊತೆ ಇದ್ದಳು. ಯಾರ ಹಂಗಿನಲ್ಲೂ ಇರುವವಳಲ್ಲ. ಮಹಡಿಗೆ ಬಾಡಿಗೆ ಕೊಡುತ್ತೇನೆಂದು ಹಟ ಹಿಡಿದು, ಅಮ್ಮನಿಂದ ಬೈಸಿಕೊಂಡು ಸುಮ್ಮನಾಗಿದ್ದಳು. ಬೆಳಿಗ್ಗೆ ಬೇಗ ಹೊರಟರೆ ಬೆಟ್ಟದ ಕಡೆಯ ಹಳ್ಳಿಗಳಿಗೆ ಹೋಗಿ ಬಂದು, ಮತ್ತೆ ಹೋಗಿ ಬಂದು, ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಆ ಕಡೆಯ ಕೊನೆಯ ಸ್ಟಾಪಿನಲ್ಲಿ ಒಂದು ಮರ, ಒಂದು ಬೆಂಚು ಬಿಟ್ಟರೆ ಏನೂ ಇರಲಿಲ್ಲ. ಈ ಕಡೆ ಇದ್ದದ್ದನ್ನು ಅಣ್ಣ ಕೆಡವಿಸಿದ್ದ.

ಒಂದು ದಿನ ಊಟಕ್ಕೆ ಕೂತಾಗ ಅವಳು ಕೇಳಿದ್ದಳು. "ಅಣ್ಣಾ, ಸ್ಟ್ಯಾಂಡ್ ಹಿಂದೆ ಹೊಸ ಟಾಯ್ಲೆಟ್ ಕಟ್ತೀವಿ ಅಂದಿದ್ರಲ್ಲ, ಏನಾಯ್ತು?"

"ಆಗುತ್ತೆ ಕಣೇ, ಫೈಲ್ ಹೋಗಿದೆ."

"ಇಷ್ಟು ದಿನ ಹೋಟೆಲಿನವರು ಬಿಡ್ತಿದ್ರು. ಈಗ ಗಿರಾಕಿಗಳಿಗೆ ಮಾತ್ರ ಅಂತ ಬೋರ್ಡ್ ಹಾಕಿದ್ದಾರೆ."

"ಹಾಗಾದ್ರೆ ಒಂದು ಟೀ ಕುಡಿ."

"ಟೀ ಕುಡಿದ್ರೆ ಮತ್ತೆ ಹೋಗ್ಬೇಕಾಗುತ್ತಲ್ಲ ಅಣ್ಣ" ಎಂದಳು ಅವಳು. ಎಲ್ಲರೂ ನಕ್ಕರು. ಅವಳೂ ಸ್ವಲ್ಪ ನಕ್ಕಳು. ಮಾತು ಅಲ್ಲಿಗೆ ನಿಂತಿತು.

ಇದಾಗಿ ಕೆಲವು ತಿಂಗಳ ನಂತರ ಒಂದು ಸಂಜೆ ಅವನು ಕ್ಷೌರದ ಅಂಗಡಿಯಲ್ಲಿ ಕೂತಿದ್ದ. ಮುಖದ ತುಂಬ ನೊರೆ. ಕ್ಷೌರಿಕ ಮಾತಿನ ಮಲ್ಲ. ಊರಿನ ಸುದ್ದಿ ಮೊದಲು ಅವನ ಕತ್ತರಿಗೆ ಸಿಕ್ಕಿ ಆಮೇಲೆ ಪತ್ರಿಕೆಗೆ ಹೋಗುತ್ತಿತ್ತು.

"ಮೆಂಬರೇ, ಇವತ್ತಿನ ಸುದ್ದಿ ಕೇಳಿದ್ರಾ? ಸೇತುವೆ ಮೇಲೆ ಲಾರಿ ಕೆಟ್ಟು ನಿಂತು ಬಸ್ಸುಗಳೆಲ್ಲ ಸಾಲಾಗಿ ನಿಂತಿದ್ವಂತೆ. ಒಂದು ಬಸ್ಸಲ್ಲಿ ಕಂಡಕ್ಟರಮ್ಮ ತಡ್ಕೊಳ್ಳೋಕಾಗ್ದೆ ನಿಂತಲ್ಲೇ ಮಾಡ್ಕೊಂಡುಬಿಟ್ಲಂತೆ! ಬಸ್ ತುಂಬ ಜನ!"

ಕಾಯುತ್ತಿದ್ದ ನಾಲ್ಕಾರು ಜನ 'ಛೇ' ಎನ್ನುತ್ತಲೇ ಮುಂದಕ್ಕೆ ಬಾಗಿದರು. ಹಾಸಿಗೆ ಮೆಂಬರಿಗೆ ಮಾತು ಹುಡುಕಬೇಕಾಗಿರಲಿಲ್ಲ. ನೊರೆಯ ನಡುವಿನಿಂದಲೇ, "ಅಲ್ಲಯ್ಯ, ಬಸ್ ತೊಳೆಯೋ ಕೆಲಸಾನೂ ಕಂಡಕ್ಟರಿಗೇ ಕೊಟ್ಟುಬಿಟ್ರಾ ಡಿಪೋದವರು?" ಎಂದ.

ಅಂಗಡಿ ಬಿದ್ದು ಬಿದ್ದು ನಕ್ಕಿತು. ಕ್ಷೌರಿಕ ನಗು ತಡೆಯಲಾರದೆ ಕತ್ತಿಯನ್ನು ಗಲ್ಲದಿಂದ ದೂರ ಹಿಡಿದ. ಯಾರೋ 'ಬಸ್ ತೊಳೆಯೋಳು' ಎಂದು ಇನ್ನೊಮ್ಮೆ ಹೇಳಿ, ಇನ್ನೊಮ್ಮೆ ನಕ್ಕರು. ಕನ್ನಡಿಯಲ್ಲಿ ಅವನಿಗೆ ಹಿಂದಿನ ಬೆಂಚು ಕಾಣುತ್ತಿತ್ತು. ಅಲ್ಲಿ ಒಬ್ಬ ಮಾತ್ರ ನಗಲಿಲ್ಲ. ವಯಸ್ಸಾದ ಮನುಷ್ಯ, ಖಾಕಿ ಅಂಗಿ, ತೊಡೆಯ ಮೇಲೆ ಮಡಿಸಿದ ಪತ್ರಿಕೆ. ಎಲ್ಲರ ನಗು ಮುಗಿಯುವವರೆಗೆ ಕಾದು, ಅವನು ಎದ್ದು ಬಂದು ಕುರ್ಚಿಯ ಪಕ್ಕದಲ್ಲಿ ನಿಂತ.

"ಆ ಬಸ್ ಓಡಿಸ್ತಿದ್ದೋನು ನಾನು ಸಾರ್. ಅದ್ಯಾರು ಅಂತ ನೀವು ಕೇಳ್ಲಿಲ್ಲ."

ಹೆಸರು ಹೇಳುವ ಅಗತ್ಯ ಬೀಳಲಿಲ್ಲ. ಆ ಮುಖ ಅವನಿಗೆ ಗೊತ್ತಿತ್ತು. ತಂಗಿಯ ಬಸ್ಸಿನ ಡ್ರೈವರ್, ಅವಳಿಗೆ ಜ್ವರ ಬಂದಾಗ ಡಿಪೋದಿಂದ ನೋಡಲು ಬಂದಿದ್ದವನು.

"ಯಾರೋ ಫೋನ್ ತೆಗೆದು ಫೋಟೋ ಹೊಡೆಯೋಕೆ ಹೋದ. ನಾನು ಇಂಜಿನ್ ಬಿಟ್ಟು ಎದ್ದು ಹೋಗಿ ಫೋನ್ ಕಿತ್ಕೊಂಡೆ. ಒಬ್ರು ಅಜ್ಜಿ ತಮ್ಮ ಶಾಲು ತೆಗೆದು ಸುತ್ತಿದ್ರು. ಸ್ಟ್ಯಾಂಡಿಗೆ ಬರೋವರೆಗೂ ತಲೆ ಎತ್ತಲಿಲ್ಲ ನಮ್ಮ ಕಂಡಕ್ಟರಮ್ಮ. ಆದ್ರೂ, ಟಿಕೆಟ್ ಕೊಡೋದು ಬಾಕಿ ಇದ್ದೋರಿಗೆಲ್ಲ ಕೊಟ್ಟೇ ಇಳಿದ್ರು." ಡ್ರೈವರ್ ಇಷ್ಟು ಹೇಳಿ, ಕ್ಷೌರ ಮಾಡಿಸಿಕೊಳ್ಳದೆ ಹೊರಟುಹೋದ.

ಕ್ಷೌರಿಕ ಕತ್ತಿ ಕೆಳಗಿಟ್ಟ. "ನನಗೆ ಗೊತ್ತಿರ್ಲಿಲ್ಲ ಮೆಂಬರೇ, ದೇವರಾಣೆ" ಎಂದ. ಬೆಂಚಿನ ಮೇಲಿದ್ದವರು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅವನು ಅರ್ಧ ಬೋಳಿಸಿದ ಗಲ್ಲವನ್ನು ಟವೆಲಿನಲ್ಲಿ ಒರೆಸಿಕೊಂಡು ಎದ್ದ. ಭೂಮಿ ಬಾಯಿ ಬಿಡಬಾರದೇ ಎಂದು ಜನ ಹೇಳುವುದನ್ನು ಕೇಳಿದ್ದ. ಆದರೆ ಭೂಮಿ ಗಟ್ಟಿಯಾಗಿಯೇ ಇತ್ತು. ಅದರ ಮೇಲೆ ನಡೆದುಕೊಂಡು, ಸಿಕ್ಕವರಿಗೆಲ್ಲ ತಲೆಯಾಡಿಸುತ್ತ, ಮನೆಯವರೆಗೆ ಹೋಗಲೇಬೇಕಿತ್ತು.

ಮಹಡಿಯ ಹಗ್ಗದ ಮೇಲೆ ಒಂದು ಖಾಕಿ ಪ್ಯಾಂಟು, ಯಾರದೋ ಒಂದು ಬೂದುಬಣ್ಣದ ಶಾಲು ಒಣಗುತ್ತಿದ್ದವು. ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಳು.

"ಬಂದ್ಯಾ? ಅವಳು ಬಾಗಿಲು ಹಾಕ್ಕೊಂಡಿದ್ದಾಳೆ. ಏನೂ ತಿಂದಿಲ್ಲ. ಹೋಗು, ನೀನಾದ್ರೂ ಏನಾದ್ರೂ ಹೇಳಿ ನಗಿಸು."

ಆ ಮಾತು ಅವನ ಎದೆಗೆ ಒನಕೆಯಿಂದ ಕುಟ್ಟಿದ ಹಾಗಾಯಿತು. ಬಾಗಿಲ ಮುಂದೆ ನಿಂತು, "ಪುಟ್ಟಿ" ಎಂದು ಕರೆದ. ಚಿಕ್ಕಂದಿನ ಹೆಸರು.

ಒಳಗಿನಿಂದ, "ಅಣ್ಣಾ, ಈಗ ಬೇಡ. ಹೋಗು" ಎಂದಳು.

ಅವನು ಹೋದ. ನಿಜ ಹೇಳಬೇಕೆಂದರೆ, ಹೋಗು ಎಂದದ್ದಕ್ಕೆ ಅವನಿಗೆ ಒಂದು ಕ್ಷಣ ಸಮಾಧಾನವೇ ಆಗಿತ್ತು. ಆ ಸಮಾಧಾನ ನೆನಪಾದಾಗಲೆಲ್ಲ ಮುಂದೆ ಅವನು ಇನ್ನಷ್ಟು ಕುಗ್ಗುತ್ತಿದ್ದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆದರೆ ಅವನು ಆಡಿದ ಮಾತು ಹೋಗಲಿಲ್ಲ, ಊರು ಸುತ್ತಿತು. ಕ್ಷೌರದ ಅಂಗಡಿಯಿಂದ ಹೋಟೆಲಿಗೆ, ಹೋಟೆಲಿನಿಂದ ಆಟೋ ಸ್ಟ್ಯಾಂಡಿಗೆ, ಅಲ್ಲಿಂದ ಮನೆಗಳಿಗೆ. ಎರಡೇ ದಿನಕ್ಕೆ ತಂಗಿಯ ಮಗಳು ಸ್ಕೂಲಿನಿಂದ ಅಳುತ್ತ ಬಂದಳು. ಮೆಟ್ಟಿಲ ಬುಡದಲ್ಲಿ ಸೋದರಮಾವ ಎದುರಾದ.

"ಮಾವ, ಎಲ್ರೂ ನನ್ನ ಬಸ್ ತೊಳೆಯೋಳ ಮಗಳು ಅಂತಾರೆ. ಯಾರು ಮಾವ ಹಾಗಂತ ಹೆಸರಿಟ್ಟೋರು? ನೀನು ಮೆಂಬರಲ್ವಾ, ಅವರಿಗೆ ಹೊಡಿ."

ಅವನು ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದ. ಆ ಕೈಗಳು ಯಾರದೋ ಕೈಗಳ ಹಾಗೆ ಕಂಡವು. "ವಿಚಾರಿಸ್ತೀನಮ್ಮ" ಎಂದ. ಅದು ಅವನು ಪುರಸಭೆಗೆ ದೂರು ತಂದವರಿಗೆಲ್ಲ ಹೇಳುತ್ತಿದ್ದ ಮಾತು.

ತಂಗಿ ಕೆಲಸಕ್ಕೆ ಹೋಗಲಿಲ್ಲ. ಬಿಟ್ಟುಬಿಡುತ್ತೇನೆ ಎಂದು ಅಮ್ಮನ ಹತ್ತಿರ ಹೇಳಿದಳಂತೆ. ವಾರದ ರಜೆಯ ದಿನ ಡಿಪೋದ ಹೆಂಗಸರು ಮೂವರು ಅವಳನ್ನು ನೋಡಲು ಬಂದರು. ಅವನು ಕೆಳಗೆ ಮೆಟ್ಟಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದ. ಮಹಡಿಯ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಅಯ್ಯೋ, ನಿಂಗೆ ಮಾತ್ರ ಆಗಿರೋದಾ ಇದು? ನಂಗೂ ಆಗಿದೆ. ಮಳೆಗಾಲ ಇತ್ತು ನೋಡು, ಯಾರಿಗೂ ಗೊತ್ತಾಗ್ಲಿಲ್ಲ. ದೇವರು ಕಣ್ಣು ಬಿಟ್ಟ."

"ನಾನು ಡ್ಯೂಟಿ ಇರೋ ದಿನ ನೀರೇ ಕುಡಿಯಲ್ಲ. ಡಾಕ್ಟ್ರು ಕಿಡ್ನೀಲಿ ಕಲ್ಲಿದೆ ಅಂದ್ರು. ಮನೆ ಕಟ್ಟಿಸೋಕೆ ಸಾಕಾಗುತ್ತಾ ಅಂತ ಕೇಳಿದ್ರು ನಮ್ಮನೆಯವರು."

"ತಿಂಗಳ ಆ ದಿನಗಳಲ್ಲಿ ಏನು ಮಾಡ್ತೀವಿ ಅಂತ ಯಾವನಾದ್ರೂ ಕೇಳಿದ್ದಾನಾ? ಸ್ಟ್ಯಾಂಡಲ್ಲಿ ಇದ್ದದ್ದು ಗಬ್ಬು ನಾರ್ತಿತ್ತು ನಿಜ. ಆದ್ರೆ ಬಾಗಿಲು ಅಂತ ಒಂದಿತ್ತಲ್ಲ."

ಮೇಲೆ ನಗು ಕೇಳಿಸಿತು, ತಂಗಿಯದೂ ಇತ್ತು ಅದರಲ್ಲಿ. ಆ ನಗೆಯಲ್ಲಿ ಅವನಿಗೆ ಜಾಗ ಇರಲಿಲ್ಲ. ಚಪ್ಪಲಿ ಕಾಲ ಹತ್ತಿರವೇ ಇತ್ತು. ಮೆಟ್ಟಿಕೊಳ್ಳದೆ ಹಾಗೇ ನಿಂತಿದ್ದ. ಮುಂದಿನ ವಾರ ತಂಗಿ ಖಾಕಿ ಹಾಕಿಕೊಂಡು ಕೆಲಸಕ್ಕೆ ಹೋದಳು. ಕೆಳಗಿನ ಮನೆಗೆ ಊಟಕ್ಕೆ ಬರುವುದನ್ನು ಮಾತ್ರ ನಿಲ್ಲಿಸಿದಳು.

ಪುರಸಭೆಯ ಮುಂದಿನ ಸಭೆಯಲ್ಲಿ ಅವನು ಬಸ್ ನಿಲ್ದಾಣಕ್ಕೆ ಶೌಚಾಲಯ ಬೇಕೆಂದು ಎದ್ದು ನಿಂತ. ಬೇಡ ಎಂದವರು ಒಬ್ಬರೂ ಇಲ್ಲ. ಬೇಕು, ಅಗತ್ಯ ಬೇಕು, ಆದರೆ ಎಲ್ಲಿ? ಹಳೆಯ ಜಾಗವನ್ನು ಸ್ಕೂಟರು ನಿಲ್ಲಿಸಲು ಗುತ್ತಿಗೆಗೆ ಕೊಟ್ಟಾಗಿತ್ತು. ನಿಲ್ದಾಣದ ಹಿಂದಿನ ಜಾಗಕ್ಕೆ ಚರಂಡಿ ಕೊಳವೆ ಹೋಗುವುದಿಲ್ಲ ಎಂದು ಎಂಜಿನಿಯರ್ ಹೇಳಿದರು. ಉತ್ತರಕ್ಕೆ ಔಷಧಿ ಅಂಗಡಿ, ಅದರ ಮಾಲೀಕ ಅಲ್ಲೇ ಸದಸ್ಯನಾಗಿ ಕೂತಿದ್ದ. "ರೋಗಿಗಳು ಬರೋ ಜಾಗ, ನಮ್ಮ ಗೋಡೆಗೆ ಬೇಡ" ಎಂದ. ದಕ್ಷಿಣಕ್ಕೆ ಬಟ್ಟೆ ಅಂಗಡಿ. ಅವರ ಪರವಾಗಿ ಒಬ್ಬ ಸದಸ್ಯೆ, "ಅಲ್ಲಿ ಹೆಂಗಸರು ಓಡಾಡ್ತಾರೆ" ಎಂದರು. ಶೌಚಾಲಯ ಬೇಕಾಗಿರುವುದೂ ಹೆಂಗಸರಿಗೇ ಅಲ್ಲವೇ ಎಂದು ಅವನು ಕೇಳಿದರೆ, "ಅದು ಬೇರೆ" ಎಂದರು. ಅಧ್ಯಕ್ಷರು ಅವನ ಕಡೆ ತಿರುಗಿ, "ಕೆಡವಿ ಅಂದೋರೂ ನೀವೇ, ಕಟ್ಟಿ ಅನ್ನೋರೂ ನೀವೇ. ಏನಾಯ್ತು ಮೆಂಬರೇ, ನೆಗಡಿಯಾಗಿ ಮೂಗು ಕಟ್ಟಿದ್ಯಾ?" ಎಂದರು.

ಅವಳು ಯಾರ ತಂಗಿಯೆಂದು ತಿಳಿಯದ ಔಷಧಿ ಅಂಗಡಿಯವನು ನಗುತ್ತ ಸೇರಿಸಿದ. "ಆ ಬಸ್ ತೊಳೆಯೋಳು ಇದ್ದಾಳಲ್ಲ, ಅವಳಿಗೋಸ್ಕರ ಇರ್ಬೇಕು."

ಸಭೆ ನಕ್ಕಿತು. ಅವನಿಗೆ ಆ ನಗುವಿನ ಸದ್ದು ಚೆನ್ನಾಗಿ ಗೊತ್ತಿತ್ತು. ಎಷ್ಟೋ ಸಲ ಅವನೇ ಎಬ್ಬಿಸಿದ್ದ ಸದ್ದು ಅದು.

"ಹೌದು, ಅವಳಿಗೋಸ್ಕರವೇ" ಎಂದ. "ಆ ಹೆಸರು ಇಟ್ಟೋನು ನಾನು. ಕ್ಷೌರದ ಅಂಗಡೀಲಿ ಕೂತು, ಯಾರು ಏನು ಅಂತ ವಿಚಾರಿಸದೆ ಹೇಳ್ದೆ. ಅವಳು ನನ್ನ ತಂಗಿ. ಇದ್ದ ಒಂದು ಬಾಗಿಲನ್ನೂ ಕೆಡವಿ ಹಾಕಿದ್ದು ನಾನು, ಆಮೇಲೆ ನಕ್ಕಿದ್ದೂ ನಾನು. ನೀವು ಬೇಕಾದ್ರೆ ನನ್ನ ನೋಡಿ ನಗಿ."

ಯಾರೂ ನಗಲಿಲ್ಲ. ಬಟ್ಟೆ ಅಂಗಡಿಯ ಪರ ಮಾತಾಡಿದ ಸದಸ್ಯೆ ತಲೆ ತಗ್ಗಿಸಿದರು.

"ಜಾಗ ಇದೆ. ನನ್ನ ಅಂಗಡಿ ಪಕ್ಕದಲ್ಲಿ ಶೀಟು ಹಾಕಿ ಹತ್ತಿ ಮೂಟೆ ಇಟ್ಕೊಂಡಿದ್ದೀನಲ್ಲ, ಆ ಜಾಗ ಪುರಸಭೆದು. ನಿಮಗೆಲ್ಲ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದೀರಿ. ಅಲ್ಲೇ ಚರಂಡಿ ಕೊಳವೆ ಹೋಗುತ್ತೆ. ನನ್ನ ಗೋಡೆಗೇ ಕಟ್ಟಿ."

ಎಂಜಿನಿಯರ್ ತಲೆಯಾಡಿಸಿದರು. ಅಧ್ಯಕ್ಷರು ಗಡಿಬಿಡಿಯಿಂದ 'ಒಪ್ಪಿಗೆ, ಒಪ್ಪಿಗೆ' ಎಂದು ಮುಂದಿನ ವಿಷಯಕ್ಕೆ ಹೋದರು. ಊರಿಗೆ ಒಳ್ಳೆಯದು ಮಾಡಬೇಕೆಂಬ ಆಸೆಗಿಂತ, ಆ ಕೋಣೆಯಿಂದ ಆ ವಿಷಯ ಬೇಗ ಹೊರಗೆ ಹೋಗಲಿ ಎಂಬ ಆತುರವೇ ಅವರ ಮುಖದಲ್ಲಿತ್ತು.

ಹೊರಗೆ ಬರುವಾಗ ಅವನಿಗೆ ಏನೋ ಭಾರ ಇಳಿದಂತಿತ್ತು. ತಾನೊಂದು ಒಳ್ಳೆಯ ಕೆಲಸ ಮಾಡಿದೆ ಎಂಬ ಭಾವನೆ ಮನೆಯ ಗೇಟಿನವರೆಗೂ ಜೊತೆಗೆ ಬಂತು. ಗೇಟಿನಲ್ಲಿ ತಂಗಿ ನಿಂತಿದ್ದಳು. ಭುಜದ ಮೇಲೆ ಚೀಲ ಇನ್ನೂ ಇತ್ತು. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು.

"ನನ್ನ ಕೇಳಿದ್ಯಾ ಅಣ್ಣಾ?"

"ಏನನ್ನ?"

"ಸಭೇಲಿ ನನ್ನ ವಿಷಯ ಎತ್ತೋ ಮೊದಲು ನನ್ನ ಒಂದು ಮಾತು ಕೇಳಿದ್ಯಾ?"

"ಪುಟ್ಟೀ, ನಿನ್ನ ಹೆಸರು ಹೇಳ್ಲಿಲ್ಲ. ತಂಗಿ ಅಂತ ಅಷ್ಟೇ..."

"ತಂಗೀರು ಎಷ್ಟು ಜನ ನಿಂಗೆ?"

ಅವನು ಬೀದಿಯ ಕಡೆ ನೋಡಿದ.

"ಬಸ್ಸಲ್ಲಿದ್ದವರಲ್ಲಿ ಅರ್ಧ ಜನಕ್ಕೆ ನಾನ್ಯಾರು ಅಂತ ಗೊತ್ತಿರ್ಲಿಲ್ಲ. ಈಗ ಇಡೀ ಊರಿಗೆ ಗೊತ್ತು. ಒಂದ್ಸಲ ನನ್ನ ಮೈ ನನ್ನ ಮಾನ ಕಳೀತು. ಇನ್ನೊಂದ್ಸಲ ನೀನು."

"ಟಾಯ್ಲೆಟ್ ಆಗುತ್ತೆ ಕಣೇ ಈಗ. ನಮ್ಮ ಗೋಡೆಗೇ..."

"ಆಗ್ಲಿ. ಬೇಕಾಗಿತ್ತು. ಅವತ್ತು ಊಟ ಮಾಡ್ತಾ ಕೇಳ್ದಾಗ್ಲೇ ಬೇಕಾಗಿತ್ತು. ಅದಕ್ಕೆ ನಾನು ಬಸ್ಸಲ್ಲಿ ಹಾಗೆ ನಿಲ್ಲಬೇಕಾಗಿತ್ತಾ?"

ಅವನು ಗೇಟಿನ ಸರಳು ಹಿಡಿದುಕೊಂಡ. ಹೇಳದೆ ಉಳಿದದ್ದು ಇನ್ನೊಂದಿತ್ತು. "ಆ ಮಾತು... ಬಸ್ ತೊಳೆಯೋದು ಅಂತ... ಅದು ನಂದು. ಸಭೇಲಿ ಹೇಳಿದೀನಿ. ನಿಂಗೆ ಹೇಳೋ ಧೈರ್ಯ ಬರ್ಲಿಲ್ಲ."

ಅವಳು ಸಿಟ್ಟಾಗುವಳೆಂದುಕೊಂಡಿದ್ದ. ಅವಳು ದಣಿದವಳ ಹಾಗೆ ಅವನನ್ನು ನೋಡಿದಳು.

"ಅದು ನಂಗೆ ಮೊದಲೇ ಗೊತ್ತಿತ್ತು. ಮಗು ಬಂದು ಹೇಳಿದ ತಕ್ಷಣ ಗೊತ್ತಾಯ್ತು. ಬೇರೆ ಯಾರಿಗೂ ಅಷ್ಟು ಬೇಗ ಅಂಥ ಮಾತು ಹೊಳೆಯಲ್ಲ ಅಣ್ಣಾ. ಇಷ್ಟು ದಿನ, ನೀನೇ ಬಂದು ಹೇಳ್ತೀಯೇನೋ ಅಂತ ಕಾಯ್ತಿದ್ದೆ." ಚೀಲವನ್ನು ಸರಿಮಾಡಿಕೊಂಡು ಅವಳು ಮೆಟ್ಟಿಲು ಹತ್ತಿ ಹೋದಳು.

ಶೌಚಾಲಯ ಎದ್ದು ನಿಂತಿತು. ಹತ್ತಿಮೂಟೆಗಳು ಅಂಗಡಿಯ ಒಳಗೆ ಬಂದು, ಗಿರಾಕಿಗಳು ಅಡ್ಡಡ್ಡ ನಡೆಯಬೇಕಾಯಿತು. ಉದ್ಘಾಟನೆಗೆ ಬನ್ನಿ ಎಂದರೆ ಅಧ್ಯಕ್ಷರಿಗೆ ಅಂದೇ ಬೇರೆ ಕೆಲಸ ಬಂತು, ಔಷಧಿ ಅಂಗಡಿಯವನಿಗೆ ಊರಲ್ಲಿ ಇರಲಾಗದ ಹಾಗಾಯಿತು. ಸೇತುವೆಗೂ ಕಟ್ಟೆಗೂ ಹೆಸರು ಕೆತ್ತಿಸಿಕೊಳ್ಳುವವರು ಇದಕ್ಕೆ ಮಾತ್ರ ಬೇಡ ಎಂದರು. ಕೊನೆಗೆ ಉದ್ಘಾಟನೆಯೇ ಇಲ್ಲದೆ, ಕಾವಲಿಗೆ ಬಂದ ಹೆಂಗಸು ಒಂದು ಬೆಳಿಗ್ಗೆ ಬೀಗ ತೆಗೆದಳು. ಬಸ್ಸಿನಿಂದ ಇಳಿದ ಒಬ್ಬ ಮುದುಕಿ ಸೀದಾ ಒಳಗೆ ಹೋದಳು, ಅಷ್ಟೇ.

ವ್ಯಾಪಾರ ಸ್ವಲ್ಪ ಇಳಿಯಿತು. ಮದುವೆಗೆ ಹಾಸಿಗೆ ಕೊಳ್ಳಲು ಬಂದವರು ಪಕ್ಕದ ಗೋಡೆ ನೋಡಿ ಮೂಗು ಮುರಿದು ಹೋಗುತ್ತಿದ್ದರು. ಕ್ಷೌರದ ಅಂಗಡಿಗೆ ಅವನು ಮತ್ತೆ ಹೋಗಲಿಲ್ಲ, ಮನೆಯಲ್ಲೇ ಬೋಳಿಸಿಕೊಳ್ಳುವುದನ್ನು ಕಲಿತ. ಸಭೆಯಲ್ಲಿ ಜನ ಅವನ ಮಾತಿಗೆ ಕಾಯುತ್ತಿದ್ದರು, ಅವನ ಬಾಯಿಗೆ ಏನೂ ಬರುತ್ತಿರಲಿಲ್ಲ. ಬಂದರೂ ನುಂಗಿಕೊಳ್ಳುತ್ತಿದ್ದ.

ತಂಗಿ ಟ್ರಿಪ್ಪಿನ ನಡುವೆ ಶೌಚಾಲಯಕ್ಕೆ ಬರುತ್ತಿದ್ದಳು, ಒಮ್ಮೊಮ್ಮೆ ಜೊತೆಯವರೊಂದಿಗೆ. ಅವನು ಲೆಕ್ಕದ ನೆಪದಲ್ಲಿ ತಲೆ ಬಗ್ಗಿಸುತ್ತಿದ್ದ. ಅವಳು ಅಂಗಡಿಯ ಕಡೆ ನೋಡದೆ ಹೋಗುತ್ತಿದ್ದಳು. ಒಂದೇ ಮನೆಯ ಮೇಲೂ ಕೆಳಗೂ ಇದ್ದವರು ಹೀಗೆ ಬೀದಿಯಲ್ಲಿ ದಿನಾ ಅಪರಿಚಿತರಾಗುತ್ತಿದ್ದರು.

ಬೇಸಿಗೆಯ ಒಂದು ಮಧ್ಯಾಹ್ನ ಅವಳು ಅಂಗಡಿಯ ಹೊಸ್ತಿಲಲ್ಲಿ ಬಂದು ನಿಂತಳು.

"ನೀರಿಲ್ಲ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅವಳೇ ತನ್ನ ಜೊತೆ ಮಾತಾಡಿದ್ದು ಎಂದು ನಂಬಲೂ ಸ್ವಲ್ಪ ಹೊತ್ತು ಬೇಕಾಯಿತು.

"ಟ್ಯಾಂಕ್ ಖಾಲಿ. ಒಳಗೆ ಜನ ಇದ್ದಾರೆ. ಪುಟ್ಟ ಮಗು ಕರ್ಕೊಂಡು ಒಬ್ಬಳು ಬಂದಿದ್ದಾಳೆ."

ಅವನು ಎದ್ದ. ಅಂಗಡಿಯ ಹಿಂದಿನ ನಲ್ಲಿಯಲ್ಲಿ ಎರಡು ಬಕೆಟ್ ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದ. ಬಸ್ಸು ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಆಟೋದವನೊಬ್ಬ, "ಏನ್ ಮೆಂಬರೇ, ಹೊಸ ಕೆಲಸಾನಾ?" ಎಂದು ಕೂಗಿದ. ಮುಖ ಕಾದು ಕೆಂಪಾಯಿತು. ನೀರು ತುಳುಕಿ ಪ್ಯಾಂಟಿನ ಮುಂಭಾಗವೆಲ್ಲ ಒದ್ದೆಯಾಯಿತು. ಅದನ್ನು ಕೈಯಿಂದ ಮರೆಮಾಡಲು ಹೋಗಿ, ಕೈಯಲ್ಲಿ ಬಕೆಟ್ ಇದೆಯೆಂಬುದು ನೆನಪಾಗಿ, ಹಾಗೇ ನಡೆದ.

ತಂಗಿ ಹೆಂಗಸರ ಕಡೆಯ ಬಾಗಿಲಲ್ಲಿ ನಿಂತು ಬಕೆಟ್ಟುಗಳನ್ನು ತೆಗೆದುಕೊಂಡಳು. ಅವನ ಒದ್ದೆ ಬಟ್ಟೆಯನ್ನು ನೋಡಿದಳು. ನಗಲಿಲ್ಲ. ಒಳಗೆ ಹೋಗಿ ನೀರು ಸುರಿದು, ಖಾಲಿ ಬಕೆಟ್ಟುಗಳನ್ನು ಹೊರಗೆ ಚಾಚಿದಳು.

"ಇನ್ನೂ ಬೇಕು ಅಣ್ಣಾ."

ಅವನು ಬಕೆಟ್ ಇಸಿದುಕೊಂಡು ನಲ್ಲಿಯ ಕಡೆ ಹೊರಟ.